ತಂತಿಯೋ, ಪ್ಲೇಟೋ?

ಕಳೆದ ಮಳೆಗಾಲದಲ್ಲಿ ಬೈಕಿನಿಂದ ಬಿದ್ದೆ. ದೊಡ್ಡ ಆಕ್ಸಿಡೆಂಟೇನೂ ಅಲ್ಲ. ಆಫೀಸಿನಿಂದ ಮನೆಗೆ ಬರುವಾಗ ತಿರುವಿನಲ್ಲಿ ಮರಳಿನ ಮೇಲೆ ಹಿಂದಿನ ಚಕ್ರ ಜಾರಿತು, ನಾನು ಕೈ ಊರಿದೆ, ಅಷ್ಟೆ. ಎದ್ದು ಪ್ಯಾಂಟು ಕೊಡವಿಕೊಂಡು ಮನೆಗೆ ಬಂದು ಕಾಫಿ ಕುಡಿದ ಮೇಲೆ ನೋಡಿದರೆ ಬಲಗೈ ಉಂಗುರದ ಬೆರಳು ಏಲಕ್ಕಿ ಬಾಳೆಹಣ್ಣಿನ ಹಾಗೆ ಊದಿಕೊಂಡಿತ್ತು. ಎಕ್ಸ್-ರೇಯಲ್ಲಿ ಬೆರಳಿನ ಬುಡದ ಮೂಳೆ ಉದ್ದಕ್ಕೆ, ತಿರುಚಿದ ಹಾಗೆ ಸೀಳಿತ್ತು.

ಡಾಕ್ಟರು ಸಮಾಧಾನದ ಮನುಷ್ಯ. "ಎರಡು ದಾರಿ ಇದೆ. ಚರ್ಮದ ಮೇಲಿಂದಲೇ ತಂತಿ ತೂರಿಸಿ ಹಿಡಿಸಬಹುದು. ಇಲ್ಲಾಂದ್ರೆ ಬೆರಳು ಬಿಡಿಸಿ ಸ್ಕ್ರೂನೋ ಪ್ಲೇಟೋ ಹಾಕಬಹುದು. ನಾಳೆ ಯೋಚನೆ ಮಾಡಿ ಹೇಳಿ" ಅಂದರು.

ಇದರಲ್ಲಿ ಯೋಚನೆ ಮಾಡೋದೇನಿದೆ ಅನ್ನಿಸಿತು. ಒಂದು ಕಡೆ ಬೇಲಿಗೆ ಕಟ್ಟುವಂಥ ತಂತಿ, ಇನ್ನೊಂದು ಕಡೆ ಟೈಟಾನಿಯಂ ಪ್ಲೇಟು. ಎಂಜಿನಿಯರಿಂಗ್ ಓದಿದವನಿಗೆ ಇದೊಂದು ಪ್ರಶ್ನೆಯಾ? ಜಾಸ್ತಿ ಗಟ್ಟಿ ಇರೋದೇ ಒಳ್ಳೇದು. ರಾತ್ರಿ ಊರಿಗೆ ಫೋನ್ ಮಾಡಿ ಹಾಗೇ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂಳೆ ಹೆಂಗಾದ್ರೂ ಕೂಡ್ಕಂತದೆ ಕಣೋ. ಬೆರಳು ಮಡಚಾಕೆ ಬರ್ತದಾ ಅಂತ ಕೇಳು" ಅಂದರು.

ಅಪ್ಪ ಸುಮ್ಮನೆ ಹೇಳಿದ ಮಾತಲ್ಲ ಅದು. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಎತ್ತಿನ ಹಗ್ಗ ಕೈಗೆ ಸುತ್ತಿಕೊಂಡು ಅವರ ಎಡಗೈ ಕಿರುಬೆರಳು ಮುರಿದಿತ್ತು. ಪಕ್ಕದೂರಿನಲ್ಲಿ ಮೂಳೆ ಕಟ್ಟುವವರಿದ್ದರು. ಸೊಪ್ಪು ಅರೆದು, ಮೊಟ್ಟೆಯ ಬಿಳಿ ಹಚ್ಚಿ, ಬಿದಿರ ದಬ್ಬೆ ಇಟ್ಟು ನಾಲ್ಕೂ ಬೆರಳನ್ನು ಹಲಗೆಯ ಹಾಗೆ ನೇರವಾಗಿ ಬಿಗಿದು ಕಟ್ಟಿದರು. ಆರು ವಾರ. ಬಿಚ್ಚಿದಾಗ ಮೂಳೆ ಚೆನ್ನಾಗಿಯೇ ಕೂಡಿತ್ತು. ಆದರೆ ಮುಷ್ಟಿ ಹಿಡಿಯಲು ಹೋದರೆ ಕಿರುಬೆರಳು ಅರ್ಧಕ್ಕೇ ನಿಂತು, ಪಕ್ಕದ ಬೆರಳಿನ ಮೇಲೆ ಹತ್ತಿ ಕೂರುತ್ತದೆ. ಇವತ್ತಿಗೂ ಹಾಗೇ ಇದೆ. ಗುದ್ದಲಿ ಹಿಡಿದರೆ ಆ ಬೆರಳು ಕಾವಿನ ಹೊರಗೇ ಉಳಿಯುತ್ತದೆ.

ಆ ರಾತ್ರಿ ನೋವಿಗೆ ನಿದ್ದೆ ಬರಲಿಲ್ಲ. ಎಡಗೈಯಲ್ಲಿ ಫೋನ್ ಹಿಡಿದು ಓದುತ್ತಾ ಹೋದೆ. ಒಂದು ರಾತ್ರಿಗೆ ಮುಗಿಯದೆ, ಕೈ ಕಟ್ಟಿಕೊಂಡು ಮನೆಯಲ್ಲಿ ಕೂತ ಇಡೀ ತಿಂಗಳು ಓದಿದ್ದು ಈ ಲೇಖನ.

ನಮ್ಮ ಒಂದು ಕೈಯಲ್ಲಿ 27 ಮೂಳೆಗಳಿವೆ. ಮಣಿಕಟ್ಟಿನ ಎಂಟನ್ನು ಬಿಟ್ಟರೆ ಅಂಗೈಯಲ್ಲಿ ಐದು, ಬೆರಳುಗಳಲ್ಲಿ ಹದಿನಾಲ್ಕು. ಇವು ಮುರಿದಾಗ ಏನು ಮಾಡಬೇಕು ಅನ್ನುವುದು ಬಹಳ ಹಳೆಯ ಪ್ರಶ್ನೆ. ಸುಶ್ರುತ ಸಂಹಿತೆಯಲ್ಲಿ ಮೂಳೆ ಮುರಿತಕ್ಕೇ ಬೇರೆ ಅಧ್ಯಾಯಗಳಿವೆ. ಬಿದಿರು, ಆಲ, ಅರಳಿ, ಅತ್ತಿ ಮರದ ತೊಗಟೆಗಳ ದಬ್ಬೆ ಕಟ್ಟುವುದು ಅಲ್ಲಿದೆ. ನಮ್ಮೂರ ಪಕ್ಕದವರು ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ. ಆದರೆ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಅಂಗೈ ಮೂಳೆ ಮುರಿದವನು ಮೊದಲು ಮಣ್ಣಿನ ಮುದ್ದೆಯನ್ನು ಕೈಯಲ್ಲಿ ಹಿಡಿಯಬೇಕು, ಬಲ ಬಂದ ಮೇಲೆ ಕಲ್ಲು ಹಿಡಿಯಬೇಕು ಅಂತ ಸುಶ್ರುತ ಹೇಳುತ್ತಾನೆ. ಕಟ್ಟಿ ಬಿಟ್ಟರೆ ಮುಗಿಯಲಿಲ್ಲ, ಕೈ ಆಡಬೇಕು ಅನ್ನುವುದು ಅವನಿಗೆ ಗೊತ್ತಿತ್ತು. ದಬ್ಬೆ ನಮ್ಮೂರ ತನಕ ಬಂತು, ಮಣ್ಣಿನ ಮುದ್ದೆ ಯಾಕೋ ದಾರಿಯಲ್ಲೇ ಉಳಿಯಿತು.

ಯುರೋಪಿನಲ್ಲೂ ಪರಿಸ್ಥಿತಿ ಇದಕ್ಕಿಂತ ಬಹಳ ಮುಂದೇನೂ ಇರಲಿಲ್ಲ. 1852ರಲ್ಲಿ ಮಾಥೈಸೆನ್ ಎಂಬ ಡಚ್ ಸೇನಾ ವೈದ್ಯ ಪ್ಲಾಸ್ಟರ್ ಪುಡಿ ತುಂಬಿದ ಬ್ಯಾಂಡೇಜನ್ನು ಬಳಕೆಗೆ ತಂದ. ದಬ್ಬೆಯ ಜಾಗಕ್ಕೆ ಸುಣ್ಣದ ಗಟ್ಟಿ ಕವಚ ಬಂತು. ಒಳಗೆ ಮೂಳೆ ಎಲ್ಲಿ ಮುರಿದಿದೆ ಅನ್ನುವುದನ್ನು ಮಾತ್ರ ಮುಟ್ಟಿಯೇ ಊಹಿಸಬೇಕಿತ್ತು. ಹೆಬ್ಬೆರಳಿನ ಬುಡದಲ್ಲಿ ಆಗುವ ಒಂದು ಮುರಿತಕ್ಕೆ ಈಗಲೂ ಬೆನೆಟ್ ಮುರಿತ ಅಂತಲೇ ಹೆಸರು. ಡಬ್ಲಿನ್ನಿನ ಎಡ್ವರ್ಡ್ ಬೆನೆಟ್ ಅದನ್ನು 1882ರಲ್ಲಿ, ಅಂದರೆ ಎಕ್ಸ್-ರೇ ಇಲ್ಲದ ಕಾಲದಲ್ಲಿ, ಸತ್ತವರ ಮೂಳೆಗಳನ್ನು ನೋಡಿ ವಿವರಿಸಿದ್ದ. ಹದಿಮೂರು ವರ್ಷ ಆದಮೇಲೆ, 1895ರ ಡಿಸೆಂಬರಿನಲ್ಲಿ, ರಾಂಟ್‌ಗನ್ ತನ್ನ ಹೆಂಡತಿಯ ಕೈಯ ಚಿತ್ರ ತೆಗೆದ. ಆ ಪ್ರಸಿದ್ಧ ಎಕ್ಸ್-ರೇ ಬೆರಳಿನದೇ, ಉಂಗುರದ ಸಮೇತ.

ಮುರಿದದ್ದು ಕಣ್ಣಿಗೆ ಕಂಡ ಮೇಲೆ ಸರ್ಜನ್ನುಗಳ ಕೈ ಸುಮ್ಮನಿರುತ್ತದಾ? ನಿಜ ಹೇಳಬೇಕೆಂದರೆ ಅದಕ್ಕೂ ಮುಂಚೆಯೇ ಶುರುವಾಗಿತ್ತು. ಹ್ಯಾಂಬರ್ಗಿನ ಹ್ಯಾನ್ಸ್‌ಮನ್ 1886ರಲ್ಲೇ ಮೂಳೆಗೆ ಲೋಹದ ಪಟ್ಟಿ ಇಟ್ಟು ಸ್ಕ್ರೂ ಬಿಗಿದಿದ್ದ. ಸ್ಕ್ರೂಗಳ ಉದ್ದನೆಯ ಬಾಲ ಚರ್ಮದಿಂದ ಆಚೆ ಚಾಚಿಕೊಂಡಿರುತ್ತಿದ್ದವಂತೆ, ಆಮೇಲೆ ಬಿಚ್ಚಿ ತೆಗೆಯಲು ಅನುಕೂಲ ಅಂತ. ಈ ಕೆಲಸಕ್ಕೆ ಆಸ್ಟಿಯೋಸಿಂಥೆಸಿಸ್ ಎಂದು ಹೆಸರಿಟ್ಟವನು ಬೆಲ್ಜಿಯಮ್ಮಿನ ಅಲ್ಬಿನ್ ಲ್ಯಾಂಬಾಟ್. ನನಗೆ ಈ ಮನುಷ್ಯ ಬಹಳ ಹಿಡಿಸಿದ. ತನ್ನ ಸಲಕರಣೆ, ಪ್ಲೇಟು, ಸ್ಕ್ರೂಗಳನ್ನು ತಾನೇ ಮಾಡಿಕೊಳ್ಳುತ್ತಿದ್ದ. ಬಿಡುವಿನಲ್ಲಿ ಪಿಟೀಲು ಮಾಡುತ್ತಿದ್ದ. ನುಡಿಸುವುದಷ್ಟೇ ಅಲ್ಲ, ಮರ ಕೆತ್ತಿ ತಯಾರಿಸುತ್ತಿದ್ದ. ತೊಡೆ, ಕಾಲಿನ ದೊಡ್ಡ ಮೂಳೆಗಳ ಜೊತೆಗೆ ಕೈಯ ಸಣ್ಣ ಮೂಳೆಗಳಿಗೂ ಲೋಹ ಹಾಕಲು ಕೈಹಚ್ಚಿದ ಮೊದಲಿಗರಲ್ಲಿ ಅವನೂ ಒಬ್ಬ.

ಇಲ್ಲಿಂದ ಮುಂದೆ ನನ್ನ ಬೆರಳಿಗೆ ಬಂದ ತಂತಿಯ ಕಥೆ. ಅದನ್ನು ಕೆ-ವೈರ್ ಅನ್ನುತ್ತಾರೆ. ಕೆ ಅಂದರೆ ಕಿರ್ಶ್‌ನರ್. ಮಾರ್ಟಿನ್ ಕಿರ್ಶ್‌ನರ್ ಎಂಬ ಜರ್ಮನ್ ಸರ್ಜನ್ 1909ರಲ್ಲಿ ಬರೆದದ್ದು ಬೆರಳಿನ ಬಗ್ಗೆ ಅಲ್ಲವೇ ಅಲ್ಲ. ತೊಡೆ ಮೂಳೆ ಮುರಿದರೆ ಸ್ನಾಯುಗಳ ಸೆಳೆತಕ್ಕೆ ಕಾಲು ಗಿಡ್ಡವಾಗುತ್ತದೆ, ಅದನ್ನು ತೂಕ ಕಟ್ಟಿ ಎಳೆಯಬೇಕು. ಎಳೆಯಲು ಹಿಡಿ ಬೇಕಲ್ಲ? ಮೂಳೆಗೇ ಅಡ್ಡಡ್ಡ ಮೊಳೆ ತೂರಿಸಿ ಅದಕ್ಕೆ ತೂಕ ಕಟ್ಟುವುದು ಅವನ ವಿಧಾನ. 1920ರ ದಶಕದಲ್ಲಿ ಮೊಳೆ ತೆಳುವಾಗಿ ತಂತಿಯಾಯಿತು. ಆಗ ಅವನು ಪ್ರೊಫೆಸರ್ ಆಗಿದ್ದುದು ಕೋನಿಗ್ಸ್‌ಬರ್ಗಿನಲ್ಲಿ. ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಈ ಊರು ಗೊತ್ತಿರಲೇಬೇಕು. ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟುವ ಆಯ್ಲರನ ಲೆಕ್ಕದ ಊರು ಅದೇ, ಗ್ರಾಫ್ ಥಿಯರಿಯ ಮೊದಲ ಪಾಠ. ಎರಡು ಸಲ ಆ ಹೆಸರು ನನ್ನ ಬದುಕಿಗೆ ಬಂದಿದೆ. ಒಂದು ಸಲ ಇಂಟರ್ನಲ್ಸ್‌ಗೆ, ಇನ್ನೊಂದು ಸಲ ಬೆರಳಿಗೆ.

ಹಾಗಾದರೆ ಸಣ್ಣ ಮೂಳೆಯೊಳಗೆ ಉಕ್ಕಿನ ಸೂಜಿ ತೂರಿಸಿ ಅಲ್ಲೇ ಬಿಡುವ ಯೋಚನೆ ಯಾರಿಗೆ ಬಂತು? 1924ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಟೆನೆಂಟ್ ಎಂಬ ವೈದ್ಯರ ಸಣ್ಣ ಲೇಖನ ಬಂದಿದೆ. ಎಷ್ಟು ಸರಿ ಮಾಡಿದರೂ ಕೂರದ ಸಣ್ಣ ಮೂಳೆಗಳ ಮುರಿತಕ್ಕೆ ಅವರು ಹಿಡಿಕೆಯಾಗಿ ಬಳಸಿದ್ದು ಗ್ರಾಮಫೋನ್ ಸೂಜಿ. ಹೌದು, ತಟ್ಟೆಯ ಮೇಲೆ ಹಾಡು ಹಾಡಿಸುವ ಅದೇ ಉಕ್ಕಿನ ಸೂಜಿ. ಮೊದಲ ಸಲ ಓದಿದಾಗ ನಗು ಬಂತು. ಆಮೇಲೆ ಯೋಚಿಸಿದರೆ, ಆ ಕಾಲದಲ್ಲಿ ಬೆರಳಿನ ಮೂಳೆಯ ಅಳತೆಗೆ ಒಪ್ಪುವ, ಗಟ್ಟಿಯಾದ, ಮೊನೆ ಇರುವ, ಅಂಗಡಿಯಲ್ಲಿ ಸಿಗುವ ಉಕ್ಕು ಇನ್ಯಾವುದಿತ್ತು? ಊರಲ್ಲಿ ಪಂಪ್‌ಸೆಟ್ಟಿನ ವಾಷರಿಗೆ ಹಳೇ ಟ್ಯೂಬು ಕತ್ತರಿಸುವ ಬುದ್ಧಿಯೇ ಇದೂ. 1937ರ ಹೊತ್ತಿಗೆ ಬಾಸ್ವರ್ತ್ ಎಂಬ ಇನ್ನೊಬ್ಬ ಅಮೆರಿಕನ್ ಸರ್ಜನ್ ಕಿರುಬೆರಳಿನ ಕೆಳಗಿನ ಅಂಗೈ ಮೂಳೆ ಮುರಿದಾಗ ಕಿರ್ಶ್‌ನರ್ ತಂತಿಯನ್ನೇ ಅಡ್ಡಲಾಗಿ ತೂರಿಸಿ, ಪಕ್ಕದ ಗಟ್ಟಿ ಮೂಳೆಗೆ ಹೊಂದಿಸಿ ನಿಲ್ಲಿಸಿದ್ದನ್ನು ಬರೆದರು. ದಬ್ಬೆ ಒಳಗೇ ಹೋದ ಹಾಗಾಯಿತು. ಕಾಲು ಎಳೆಯಲು ಹುಟ್ಟಿದ ತಂತಿ ಕೈಗೆ ಬಂದು ಸೇರಿತು.

ಲೋಹ ಒಳಗೆ ಹೋದ ಮೇಲೆ ತುಕ್ಕಿನ ಸಮಸ್ಯೆ. ದೇಹದೊಳಗಿನ ಉಪ್ಪುನೀರಿನಲ್ಲಿ ಎರಡು ಬೇರೆ ಬೇರೆ ಲೋಹ ಇದ್ದರೆ ಅದೊಂದು ಸಣ್ಣ ಬ್ಯಾಟರಿಯಾಗಿ ಮೂಳೆ ತಿನ್ನುತ್ತದೆ ಎಂದು ವೆನಬಲ್ ಮತ್ತು ಸ್ಟಕ್ 1937ರಲ್ಲಿ ತೋರಿಸಿಕೊಟ್ಟರು. ತುಕ್ಕು ಹಿಡಿಯದ ಮಿಶ್ರಲೋಹಗಳು ಬಂದ ಮೇಲೆ ಆ ಭಯ ಕಡಿಮೆಯಾಯಿತು. ಎರಡನೇ ಮಹಾಯುದ್ಧದಲ್ಲಿ ಕೈ ಗಾಯಗೊಂಡ ಸೈನಿಕರಿಗಾಗಿ ಅಮೆರಿಕದಲ್ಲಿ ಸ್ಟರ್ಲಿಂಗ್ ಬನೆಲ್ ನೇತೃತ್ವದಲ್ಲಿ ಬೇರೆಯದೇ ಕೇಂದ್ರಗಳು ಶುರುವಾದವು. 1944ರಲ್ಲಿ ಅವರ ದೊಡ್ಡ ಪುಸ್ತಕ ಬಂತು. ಕೈಯ ಶಸ್ತ್ರಚಿಕಿತ್ಸೆ ಒಂದು ಪ್ರತ್ಯೇಕ ವಿದ್ಯೆ ಆಯಿತು.

ಇನ್ನು ಪ್ಲೇಟಿನ ಕಡೆಯವರು. 1958ರ ನವೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಬೀಲ್ ಎಂಬ ಊರಿನಲ್ಲಿ ಮಾರಿಸ್ ಮ್ಯೂಲರ್ ಮತ್ತು ಸಂಗಡಿಗರು ಒಂದು ಗುಂಪು ಕಟ್ಟಿದರು. ಜಗತ್ತು ಅದನ್ನು ಎಓ ಎಂದು ಕರೆಯುತ್ತದೆ. ಅವರ ಸಿಟ್ಟು ಪ್ಲಾಸ್ಟರಿನ ಮೇಲೆ. ತಿಂಗಳುಗಟ್ಟಲೆ ಕಟ್ಟಿ ಮಲಗಿಸಿದರೆ ಮೂಳೆ ಕೂಡುತ್ತದೆ, ಕೀಲು ಮಾತ್ರ ಕಲ್ಲಾಗುತ್ತದೆ, ಸ್ನಾಯು ಸೊರಗುತ್ತದೆ. ಅದಕ್ಕೆ ಅವರ ಉತ್ತರ ಹೀಗೆ: ಮುರಿದ ಚೂರುಗಳನ್ನು ಸ್ಕ್ರೂ, ಪ್ಲೇಟಿನಿಂದ ಅಲುಗದ ಹಾಗೆ ಬಿಗಿದು, ಮಾರನೇ ದಿನದಿಂದಲೇ ಕೀಲು ಆಡಿಸಿ. ಬೆಟ್ಲಾಕ್ ಎಂಬ ಹಳ್ಳಿಯ ಯಂತ್ರ ಕೆಲಸಗಾರ ರಾಬರ್ಟ್ ಮ್ಯಾಥಿಸ್ ಇವರಿಗೆ ಸ್ಕ್ರೂ, ಪ್ಲೇಟು, ಸಲಕರಣೆ ಮಾಡಿಕೊಟ್ಟ. 1970ರ ದಶಕದ ಹೊತ್ತಿಗೆ 2.7, 2.0, 1.5 ಮಿಲಿಮೀಟರಿನ ಪುಟಾಣಿ ಸ್ಕ್ರೂಗಳು ಬಂದು, ತೊಡೆಗೆ ಮಾಡಿದ್ದನ್ನು ಬೆರಳಿಗೂ ಮಾಡಬಹುದು ಎಂದಾಯಿತು.

ಕಾಗದದ ಮೇಲೆ ಇದು ಅಪ್ಪನ ಪ್ರಶ್ನೆಗೆ ಸರಿಯಾದ ಉತ್ತರ. ಗಟ್ಟಿಯಾಗಿ ಹಿಡಿ, ಬೇಗ ಮಡಚು. ನಾನೂ ಆ ರಾತ್ರಿ ಇಲ್ಲಿಯವರೆಗೆ ಓದಿ ಪ್ಲೇಟೇ ಸರಿ ಅಂದುಕೊಂಡಿದ್ದೆ.

ತೊಡೆಗೂ ಬೆರಳಿಗೂ ಇರುವ ವ್ಯತ್ಯಾಸ ಆಮೇಲೆ ತಿಳಿಯಿತು. ತೊಡೆ ಮೂಳೆಯ ಸುತ್ತ ದಪ್ಪ ಮಾಂಸ ಇದೆ, ಪ್ಲೇಟು ಇಟ್ಟರೆ ಅದರೊಳಗೆ ಅಡಗಿ ಕೂರುತ್ತದೆ. ಬೆರಳಿನ ಬುಡದ ಮೂಳೆಯ ಸುತ್ತ ಮಾಂಸವೇ ಇಲ್ಲ. ಬೆರಳು ಎತ್ತುವ ಹುರಿ ಮೂಳೆಯ ಬೆನ್ನಿಗೆ ತೆಳುವಾದ ಹಾಳೆಯ ಹಾಗೆ ಹೊದ್ದುಕೊಂಡಿರುತ್ತದೆ. ಮಡಚುವ ಹುರಿಗಳು ಹೊಟ್ಟೆಯ ಕಡೆ ಕೊಳವೆಯೊಳಗೆ ಓಡುತ್ತವೆ. ಪ್ಲೇಟು ಹಾಕಬೇಕಾದರೆ ಆ ಹಾಳೆಯನ್ನು ಸೀಳಿಯೋ ಸರಿಸಿಯೋ ಒಳಗೆ ಹೋಗಬೇಕು. ಆಮೇಲೆ ಅದು ಪ್ಲೇಟಿನ ಮೇಲೇ ಜಾರಬೇಕು. ಗಾಯ ಮಾಯುವಾಗ ಹಾಳೆ, ಪ್ಲೇಟು, ಮೂಳೆ ಮೂರೂ ಅಂಟಿಕೊಂಡರೆ ಮೂಳೆ ನೆಟ್ಟಗಿರುತ್ತದೆ, ಬೆರಳು ಮಡಚುವುದಿಲ್ಲ. ಚಲನೆಗೋಸ್ಕರ ಹಾಕಿದ ಲೋಹವೇ ಚಲನೆಗೆ ಅಡ್ಡ ಬಂದ ಹಾಗೆ.

ಪೇಜ್ ಮತ್ತು ಸ್ಟರ್ನ್ ಎಂಬ ಅಮೆರಿಕನ್ ಸರ್ಜನ್ನುಗಳು 1998ರಲ್ಲಿ ತಮ್ಮ ಪ್ಲೇಟು ಹಾಕಿದ ಕೈಗಳ ಲೆಕ್ಕ ತೆಗೆದು ಪ್ರಕಟಿಸಿದರು. ಮೂರರಲ್ಲಿ ಒಂದಕ್ಕೂ ಹೆಚ್ಚು ಮುರಿತಗಳಲ್ಲಿ ಏನಾದರೊಂದು ದೊಡ್ಡ ತೊಂದರೆ ಆಗಿತ್ತು. ಹೆಚ್ಚಿನದು ಬೆರಳು ಸೆಟೆದುಕೊಳ್ಳುವುದೇ. ಅಂಗೈ ಮೂಳೆಗಿಂತ ಬೆರಳಿನ ಮೂಳೆಗಳಲ್ಲಿ ಕಷ್ಟ ಜಾಸ್ತಿ. ತಾವು ಮಾಡಿದ ಆಪರೇಷನ್ನಿನ ಹುಳುಕನ್ನು ತಾವೇ ಎಣಿಸಿ ಹೇಳುವುದು ಸಣ್ಣ ಮಾತಲ್ಲ. ನಮ್ಮ ಫೀಲ್ಡಿನಲ್ಲಿ ಎಷ್ಟು ಜನ ತಮ್ಮ ಬಗ್ ಲಿಸ್ಟನ್ನು ಹೀಗೆ ಹೊರಗೆ ಹಾಕುತ್ತಾರೆ?

ನನ್ನ ಮಟ್ಟಿಗೆ ಕೆಲಸಕ್ಕೆ ಬಂದದ್ದು 2003ರ ಒಂದು ಬ್ರಿಟಿಷ್ ಅಧ್ಯಯನ. ಬೆರಳಿನ ಬುಡದ ಮೂಳೆ ಉದ್ದಕ್ಕೆ ಓರೆಯಾಗಿ, ತಿರುಚಿ ಸೀಳಿದವರು, ಅಂದರೆ ಥೇಟ್ ನನ್ನ ಥರದವರು. ಅವರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಚರ್ಮದ ಮೇಲಿಂದ ತಂತಿ, ಇನ್ನೊಂದಕ್ಕೆ ಬಿಡಿಸಿ ಸ್ಕ್ರೂ. ಹಾರ್ಟನ್, ಹ್ಯಾಟನ್, ಡೇವಿಸ್ ಮೂವರು ಬರೆದದ್ದು. ಕೊನೆಯಲ್ಲಿ ಎರಡೂ ಗುಂಪಿನ ಕೈಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಹಾಗಂತ ಜನ ಬಹಳ ಕಡಿಮೆ ಇದ್ದರು, ಮೂವತ್ತರ ಆಸುಪಾಸು, ಅದರಿಂದ ತಂತಿಯೇ ಗೆದ್ದಿತು ಅನ್ನೋಕಾಗಲ್ಲ. ಮೂಳೆ ಚೂರುಚೂರಾಗಿದ್ದರೆ, ಕೀಲಿನೊಳಗೇ ಒಡೆದಿದ್ದರೆ, ತಂತಿಗೆ ಹಿಡಿತ ಸಿಗದೆ ಪ್ಲೇಟೋ ಸ್ಕ್ರೂನೋ ಬೇಕೇಬೇಕು. ತಂತಿಗೂ ಅದರದೇ ರೋಗಗಳಿವೆ. ಹೊರಗೆ ಚಾಚಿದ ತುದಿಯ ಹತ್ತಿರ ಕೀವು ಆಗಬಹುದು, ಸಡಿಲವಾಗಿ ಜಾರಬಹುದು. ಆದರೆ ಲ್ಯಾಬಿನಲ್ಲಿ ಸತ್ತ ಮೂಳೆಗೆ ಭಾರ ಹೇರಿ ಪರೀಕ್ಷೆ ಮಾಡಿದಾಗ ಪ್ಲೇಟಿಗೆ ಸಿಗುವ ಮಾರ್ಕ್ಸು ಬದುಕಿದ ಬೆರಳಿನಲ್ಲಿ ಸಿಗುವುದಿಲ್ಲ. ಲ್ಯಾಬಿನ ಮೂಳೆಗೆ ಹುರಿಯೂ ಇಲ್ಲ, ಚರ್ಮವೂ ಇಲ್ಲ, ಮಡಚುವ ಕೆಲಸವೂ ಇಲ್ಲ.

ನಮ್ಮ ಕಡೆಯದೂ ಒಂದು ಉತ್ತರ ಈ ಚರಿತ್ರೆಯಲ್ಲಿ ಇದೆ. ಮುಂಬೈಯ ಡಾ. ಬಿ. ಬಿ. ಜೋಶಿ 1976ರಲ್ಲೇ ಬೆರಳಿನ ಬುಡದ ಮೂಳೆಗೆ ಚರ್ಮದ ಮೇಲಿಂದ ತಂತಿ ತೂರಿಸುವ ಬಗ್ಗೆ ಬ್ರಿಟಿಷ್ ಪತ್ರಿಕೆಯಲ್ಲಿ ಬರೆದಿದ್ದರು. ಆಮೇಲೆ ಅವರು ರೂಪಿಸಿದ್ದು ಜೆಸ್ ಅನ್ನುವ ಸಾಧನ. ಜೆ ಅಂದರೆ ಜೋಶಿ. ಮುರಿದ ಜಾಗದ ಆಚೆ ಈಚೆ ತಂತಿ ತೂರಿಸಿ, ಹೊರಗೆ ಉಳಿದ ತುದಿಗಳನ್ನು ಸಣ್ಣ ಸರಳು, ಪುಟ್ಟ ಕೊಂಡಿಗಳಿಂದ ಒಂದಕ್ಕೊಂದು ಬಿಗಿಯುವುದು. ಮಿಷಿನ್ನಿಗೆ ಸಿಕ್ಕಿ ಚರ್ಮ ಹರಿದು ಮೂಳೆ ಪುಡಿಯಾದ ಕೈಗೆ ಒಳಗೆ ಪ್ಲೇಟು ಇಡುವುದು ಕಷ್ಟ, ಸೋಂಕಿನ ಭಯ. ಇಲ್ಲಿ ಲೋಹವೆಲ್ಲ ಹೊರಗೆ, ಗಾಯ ತೊಳೆಯಲು ತೆರೆದೇ ಇರುತ್ತದೆ. ಖರ್ಚೂ ಕಡಿಮೆ. ನಾನು ಡ್ರೆಸಿಂಗಿಗೆ ಹೋದಾಗ ಪಕ್ಕದಲ್ಲಿ ಕೂತಿದ್ದ ಪ್ರೆಸ್ ಮಿಷಿನ್ನಿನ ಹುಡುಗನ ಕೈಯಲ್ಲಿ ಅದಿತ್ತು, ಟಿವಿ ಆಂಟೆನಾ ಥರ. "ಇದು ಮುಂಬೈಯದು ಗೊತ್ತಾ" ಅಂದೆ. "ಬಿಚ್ಚೋದು ಯಾವಾಗ ಅಂತ ಗೊತ್ತಾದ್ರೆ ಸಾಕು ಸಾರ್" ಅಂದ.

ಅಪ್ಪನ ಬೆರಳಿನಲ್ಲಿ ತಪ್ಪಿದ್ದೆಲ್ಲಿ ಅನ್ನುವುದೂ ಈ ಓದಿನಲ್ಲೇ ಗೊತ್ತಾಯಿತು. ಎರಡು ಕಡೆ. ಒಂದು, ಮೂಳೆ ತಿರುಚಿ ಕೂಡಿತ್ತು. ಅಂಗೈ ಮೂಳೆ ಐದು ಡಿಗ್ರಿ ತಿರುಚಿ ಕೂಡಿದರೂ ಮುಷ್ಟಿ ಹಿಡಿದಾಗ ಬೆರಳ ತುದಿ ಒಂದೂವರೆ ಸೆಂಟಿಮೀಟರಿನಷ್ಟು ಪಕ್ಕಕ್ಕೆ ಹೋಗಿಬಿಡುತ್ತದೆ. ಬೆರಳು ನೀಟಾಗಿ ಚಾಚಿಟ್ಟು ನೋಡಿದರೆ ಇದು ಕಾಣುವುದಿಲ್ಲ, ಎಕ್ಸ್-ರೇಯಲ್ಲೂ ಸುಲಭಕ್ಕೆ ಸಿಗುವುದಿಲ್ಲ. ಬೆರಳು ಮಡಚಿಸಿ ನೋಡಬೇಕು. ದಬ್ಬೆ ಕಟ್ಟಿದವರು ನಾಲ್ಕು ಬೆರಳನ್ನು ಚಾಚಿಸಿ, ಸಾಲಾಗಿದೆ ಅಂತ ಸಮಾಧಾನಪಟ್ಟುಕೊಂಡಿದ್ದರು. ಎರಡನೆಯದು ಕಟ್ಟಿದ ಭಂಗಿ. ಬೆರಳು ಅಂಗೈಗೆ ಸೇರುವ ದೊಡ್ಡ ಗೆಣ್ಣಿನ ಅಕ್ಕಪಕ್ಕದ ಲಿಗಮೆಂಟುಗಳು ಗೆಣ್ಣು ನೇರವಿದ್ದಾಗ ಸಡಿಲ, ಮಡಚಿದಾಗ ಬಿಗಿ. ಸಡಿಲವಿರುವಾಗ ವಾರಗಟ್ಟಲೆ ಕಟ್ಟಿಟ್ಟರೆ ಅವು ಅಷ್ಟಕ್ಕೇ ಕುಗ್ಗಿ, ಆಮೇಲೆ ಮಡಚಲು ಬಿಡುವುದಿಲ್ಲ. ಅದಕ್ಕೆ ದೊಡ್ಡ ಗೆಣ್ಣು ಮಡಚಿ, ಮುಂದಿನ ಎರಡು ಗೆಣ್ಣು ನೇರ ಇಟ್ಟು ಕಟ್ಟಬೇಕು, ಮೇಜಿನ ಅಂಚಿಗೆ ಅಂಗೈ ಇಟ್ಟು ಬೆರಳು ಕೆಳಕ್ಕೆ ಇಳಿಬಿಟ್ಟ ಹಾಗೆ. ಎಡಿನ್‌ಬರೋದ ಜೆ. ಐ. ಪಿ. ಜೇಮ್ಸ್ ಇದನ್ನು ಒತ್ತಿ ಹೇಳಿದ್ದು 1960ರ ದಶಕದಲ್ಲಿ. ಅದಕ್ಕೆ ಮುಂಚೆ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೂ ಬೆರಳನ್ನು ಹಲಗೆಗೆ ನೇರವಾಗಿ ಕಟ್ಟುತ್ತಿದ್ದರು. ಹಾಗಾಗಿ ಪಕ್ಕದೂರಿನ ಆ ಮುದುಕರನ್ನು ಬೈಯಲು ನನಗೆ ಪೂರ್ತಿ ಮನಸ್ಸಿಲ್ಲ. ಅಪ್ಪನಿಗೆ ಆಗ ಇದ್ದ ಇನ್ನೊಂದು ದಾರಿ ಎರಡು ಬಸ್ಸು ಬದಲಾಯಿಸಿ ಹೋಗುವ ಜಿಲ್ಲಾ ಕೇಂದ್ರ, ಬಿತ್ತನೆ ಕಾಲ ಬೇರೆ.

ಮಾರನೇ ದಿನ ಡಾಕ್ಟರಿಗೆ "ತಂತಿ" ಅಂದೆ. "ನಾನೂ ಅದನ್ನೇ ಹೇಳೋನಿದ್ದೆ" ಅಂದರು.

ಆಪರೇಷನ್ನಿಗೆ ಮಂಪರು ಕೊಡಲಿಲ್ಲ. ಬೆರಳಿಗಷ್ಟೇ ಇಂಜೆಕ್ಷನ್, ಮರಗಟ್ಟಿಸುವ ಔಷಧದ ಜೊತೆ ಅಡ್ರಿನಲಿನ್. ಬೆರಳಿಗೆ ಅಡ್ರಿನಲಿನ್ ಚುಚ್ಚಿದರೆ ರಕ್ತ ನಿಂತು ಬೆರಳೇ ಕೊಳೆಯುತ್ತದೆ ಅಂತ ದಶಕಗಳ ಕಾಲ ಪಠ್ಯಪುಸ್ತಕಗಳಲ್ಲೇ ಬರೆದಿತ್ತು. ಕೆನಡಾದ ಡೊನಾಲ್ಡ್ ಲಲೊಂಡ್ ಮತ್ತು ಜೊತೆಯವರು 3,110 ಜನರ ಕೈ, ಬೆರಳುಗಳಿಗೆ ಹಾಗೇ ಕೊಟ್ಟು, ಒಂದು ಬೆರಳೂ ಹೋಗಲಿಲ್ಲ ಅಂತ 2005ರಲ್ಲಿ ತೋರಿಸಿದರು. ರಕ್ತ ಕಡಿಮೆ ಮಾಡಲು ತೋಳಿಗೆ ಬಿಗಿಪಟ್ಟಿ ಬೇಡ, ಮಂಪರು ಬೇಡ. ಅದಕ್ಕಿಂತ ದೊಡ್ಡ ಲಾಭ, ರೋಗಿ ಎಚ್ಚರ ಇರುತ್ತಾನೆ. ಒಂದು ಮಿಲಿಮೀಟರಿನ ಆಸುಪಾಸಿನ ಎರಡು ತಂತಿ ಡ್ರಿಲ್ಲಿನಲ್ಲಿ ಒಳಗೆ ಹೋದ ಮೇಲೆ ಡಾಕ್ಟರು "ಎಲ್ಲಿ, ಮುಷ್ಟಿ ಹಿಡೀರಿ" ಅಂದರು. ನನ್ನ ಬೆರಳನ್ನು ನಾನೇ ಟೇಬಲ್ ಮೇಲೆ ಮಡಚಿದೆ. ಪೂರ್ತಿ ಬರಲಿಲ್ಲ, ಆದರೆ ಪಕ್ಕದ ಬೆರಳಿನ ಮೇಲೆ ಹತ್ತಲಿಲ್ಲ. ಅಲ್ಲೇ ಕಣ್ಣಲ್ಲಿ ನೀರು ಬಂತು. ನರ್ಸ್ ನೋವಿಗೆ ಅಂದುಕೊಂಡು ಇನ್ನೊಂದು ಇಂಜೆಕ್ಷನ್ ಕೊಡಲಾ ಅಂತ ಕೇಳಿದರು.

ನಾಲ್ಕು ವಾರಕ್ಕೆ ತಂತಿ ತೆಗೆದರು, ಓಪಿಡಿಯಲ್ಲೇ, ಇಕ್ಕಳದಲ್ಲಿ ಎಳೆದು. ಎಕ್ಸ್-ರೇಯಲ್ಲಿ ಇನ್ನೂ ಬಿರುಕು ಕಾಣುತ್ತಿತ್ತು. ನನಗೆ ಗಾಬರಿ. ಬೆರಳಿನ ಮೂಳೆ ಮೂರ್ನಾಲ್ಕು ವಾರಕ್ಕೆ ಸಾಕಷ್ಟು ಹಿಡಿದಿರುತ್ತದೆ, ಫಿಲ್ಮಿನಲ್ಲಿ ಗೆರೆ ಮಾಯವಾಗಲು ತಿಂಗಳುಗಳೇ ಬೇಕು, ಆ ಗೆರೆ ಹೋಗಲಿ ಅಂತ ಕಾದರೆ ಬೆರಳು ಸೆಟೆದುಕೊಳ್ಳುತ್ತದೆ ಎಂದು ಡಾಕ್ಟರು ವಿವರಿಸಿದರು. ಫಿಸಿಯೋಥೆರಪಿಯವರು ಕೈಗೆ ಒಂದು ಹಸಿರು ಮುದ್ದೆ ಕೊಟ್ಟರು, ಹಿಸುಕಲು. ಹದಿನೈದು ದಿನ ಬಿಟ್ಟು ಅದಕ್ಕಿಂತ ಗಟ್ಟಿಯದು. ಸುಶ್ರುತನ ಮಣ್ಣು, ಆಮೇಲೆ ಕಲ್ಲು.

ನನ್ನ ಬೆರಳು ಈಗಲೂ ಕೊನೆಯ ಹತ್ತು ಡಿಗ್ರಿ ನೇರವಾಗುವುದಿಲ್ಲ. ಟೈಪಿಂಗಿಗೆ ಏನೂ ತೊಂದರೆ ಇಲ್ಲ. ದಸರಾಕ್ಕೆ ಅಪ್ಪ ಬೆಂಗಳೂರಿಗೆ ಬಂದಾಗ ಅವರನ್ನೂ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕೂಡಿದ ಮೂಳೆಯನ್ನು ಮತ್ತೆ ಕತ್ತರಿಸಿ, ತಿರುಗಿಸಿ ಸರಿ ಮಾಡಿ, ಈ ಸಲ ಪ್ಲೇಟೇ ಹಾಕಬೇಕಾಗುತ್ತದೆ, ಪಕ್ಕದ ಬೆರಳಿನ ಮೇಲೆ ಹತ್ತುವುದು ನಿಲ್ಲುತ್ತದೆ, ಆದರೆ ಪೂರ್ತಿ ಮಡಚುತ್ತದೆ ಅಂತ ಮಾತು ಕೊಡಲಾರೆ ಅಂದರು. ಅಪ್ಪ ತಮ್ಮ ಕಿರುಬೆರಳನ್ನು ಒಂದೆರಡು ಸಲ ಮಡಚಿ, ಬಿಡಿಸಿ ನೋಡಿಕೊಂಡರು.

"ಬ್ಯಾಡ ಬಿಡಿ ಸಾರ್. ಹಸ ಇದಕ್ಕೇ ಒಗ್ಗದೆ" ಅಂದರು.